ಮಗ್ಗಿ ಮೊದಲು, ಮಿದುಳು ಆಮೇಲೆ ಎನ್ನುವವರಿಗೆ

ಅವಿಭಜಿತ ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳ ಪ್ರೌಢಶಾಲೆ ಮಕ್ಕಳಿಗೆ ನರವಿಜ್ಞಾನದ ತರಬೇತಿ ಕೊಡಬೇಕು ಎಂದು ಯಾರ ಮುಂದೆ ಹೇಳಿದರೂ ಬರುವ ಉತ್ತರ ಒಂದೇ: "ಮೊದ್ಲು ಮಗ್ಗಿ ಬರ್ಲಿ ಬಿಡ್ರಿ." ಶಿಕ್ಷಕರು ಹೇಳುತ್ತಾರೆ, ಅಧಿಕಾರಿಗಳು ಹೇಳುತ್ತಾರೆ, ಬೆಂಗಳೂರಿನಲ್ಲಿ ನೆಲೆಸಿ ಊರಿನ ಮೇಲೆ ಪ್ರೀತಿ ಇಟ್ಟುಕೊಂಡವರೂ ಹೇಳುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಮಟ್ಟಿಗೆ ಇದು ಅಭಿಪ್ರಾಯವಾಗಿ ಉಳಿದಿಲ್ಲ, ನೀತಿಯೇ ಆಗಿಬಿಟ್ಟಿದೆ. ಈ ನೀತಿ ತಪ್ಪು. ತಪ್ಪಷ್ಟೇ ಅಲ್ಲ, ಮಕ್ಕಳಿಗೆ ಅನ್ಯಾಯ.

ಹೇಳುವವರ ಮಾತಿನಲ್ಲಿ ಸತ್ಯವಿಲ್ಲ ಎನ್ನುತ್ತಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಕೂಡ್ಲಿಗಿ ಮತ್ತು ಹರಪನಹಳ್ಳಿಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿಟ್ಟಿತು. ಕೂಡ್ಲಿಗಿಯ ಹಳ್ಳಿಗಳಿಂದ, ಹರಪನಹಳ್ಳಿಯ ತಾಂಡಾಗಳಿಂದ ಸಂಸಾರ ಸಂಸಾರವೇ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ, ಮಂಡ್ಯದ ಕಬ್ಬಿನ ಗದ್ದೆಗಳಿಗೆ ಗುಳೆ ಹೋಗುತ್ತದೆ. ಹೋದ ತಿಂಗಳುಗಳ ಪಾಠ ಮಕ್ಕಳ ಪಾಲಿಗೆ ಹೋದಂತೆಯೇ. ವಿಜ್ಞಾನ, ಗಣಿತದ ಹುದ್ದೆ ಖಾಲಿ ಬಿದ್ದಿರುವ ಶಾಲೆಗಳಿವೆ, ಅತಿಥಿ ಶಿಕ್ಷಕರಿಂದಲೇ ವರ್ಷ ದಾಟಿಸುವ ಶಾಲೆಗಳಿವೆ. ಎಂಟನೇ ತರಗತಿಗೆ ಬಂದ ಹುಡುಗನಿಗೆ ಭಾಗಾಕಾರ ತಡವರಿಸುತ್ತದೆ ಎಂದರೆ ಅದು ಸುಳ್ಳಲ್ಲ. ಇದಕ್ಕೆ ಮದ್ದು ಆಗಲೇಬೇಕು. ಆದರೆ ಇಷ್ಟೆಲ್ಲ ನಿಜದಿಂದ ಹೊರಡುವ ತೀರ್ಮಾನ ಮಾತ್ರ ನಿಜವಲ್ಲ. ಭಾಗಾಕಾರ ಬಾರದ ಮಗುವಿಗೆ ಮಿದುಳಿನ ಬಗ್ಗೆ ಕೇಳುವ ಹಕ್ಕು ಇನ್ನೂ ಹುಟ್ಟಿಲ್ಲ ಎಂಬ ತೀರ್ಮಾನ ಅದು.

"ಮೊದಲು" ಎನ್ನುವವರಿಗೆ ಒಂದು ಪ್ರಶ್ನೆ. ಆ "ಆಮೇಲೆ" ಯಾವಾಗ? ಎಸ್ಸೆಸ್ಸೆಲ್ಸಿಗೆ ಮೊದಲು ಫಲಿತಾಂಶ. ಪಿಯುಸಿಗೆ ಬಂದರೆ ಮೊದಲು ನೀಟ್. ಡಿಗ್ರಿಗೆ ಬಂದರೆ ಮೊದಲು ಕೆಲಸ. ಹರೆಯದ ಕುತೂಹಲಕ್ಕೆ ಈ ಸಾಲಿನಲ್ಲಿ ಎಲ್ಲೂ ಜಾಗವಿಲ್ಲ. ಬೆಂಗಳೂರಿನ ದುಬಾರಿ ಶಾಲೆಯೊಂದು ಮಕ್ಕಳಿಗೆ ಮಿದುಳಿನ ಶಿಬಿರ ಏರ್ಪಡಿಸಿದಾಗ, ನಿಮ್ಮ ಮಕ್ಕಳೆಲ್ಲರಿಗೂ ಹತ್ತೊಂಬತ್ತರ ಮಗ್ಗಿ ಬರುತ್ತದೆಯೇ ಎಂದು ಯಾರೂ ವಿಚಾರಿಸುವುದಿಲ್ಲ. ಆ ಮಕ್ಕಳಿಗೆ ಕುತೂಹಲ ಹುಟ್ಟಿನಿಂದಲೇ ಬಂದ ಸೊತ್ತು. ನಮ್ಮ ಮಕ್ಕಳು ಮಾತ್ರ ಅರ್ಹತೆಯ ಚೀಟಿ ತೋರಿಸಿ ಅದನ್ನು ಪಡೆಯಬೇಕು.

ಇಲ್ಲೊಂದು ಚರಿತ್ರೆಯಿದೆ, ಅದನ್ನು ನಮ್ಮವರೇ ಮರೆತಿದ್ದಾರೆ. 1985ರಿಂದ 1990ರವರೆಗೆ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ದೊಡ್ಡ ಪ್ರಯೋಗ ನಡೆಸಿತು. ಮಾನಸಿಕ ಕಾಯಿಲೆ, ಮೂರ್ಛೆರೋಗ, ಬುದ್ಧಿಮಾಂದ್ಯತೆಗಳಿಗೆ ದೂರದ ದೊಡ್ಡ ಆಸ್ಪತ್ರೆಯೇ ಗತಿ ಎಂಬ ಸ್ಥಿತಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಹಳ್ಳಿ ಹಳ್ಳಿ ತಿರುಗುವ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಕೆಲವೇ ಅಗತ್ಯ ಔಷಧಿಗಳನ್ನು ಕೇಂದ್ರದಲ್ಲೇ ಸಿಗುವಂತೆ ಮಾಡಿದರೆ ಜಿಲ್ಲೆಯ ಮಟ್ಟದಲ್ಲೇ ಚಿಕಿತ್ಸೆ ಸಾಧ್ಯವೇ ಎಂಬುದು ಆ ಪ್ರಯೋಗದ ಪ್ರಶ್ನೆ. ಸಾಧ್ಯ ಎಂದು ತೋರಿತು. ಅದಕ್ಕೆ "ಬಳ್ಳಾರಿ ಮಾದರಿ" ಎಂಬ ಹೆಸರೇ ಬಿತ್ತು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿದ್ದು ಈ ಮಾದರಿಯ ಮೇಲೆ. ಆಗ ಈ ಐದೂ ತಾಲ್ಲೂಕುಗಳ ನೆಲ ಬಳ್ಳಾರಿ ಜಿಲ್ಲೆಯದೇ. ಹರಪನಹಳ್ಳಿ ದಾವಣಗೆರೆಗೆ ಸೇರಿದ್ದು 1997ರಲ್ಲಿ, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಿಂದ ಉಳಿದ ನಾಲ್ಕರ ಜೊತೆ ವಿಜಯನಗರ ಜಿಲ್ಲೆಯಲ್ಲಿದೆ.

ಆ ಪ್ರಯೋಗದಲ್ಲಿ ಮೂರ್ಛೆರೋಗವನ್ನು ಗುರುತಿಸಲು ಕಲಿತವರು ಯಾರು? ಆ ಕಾಲಕ್ಕೆ ಕಿರಿಯ ಆರೋಗ್ಯ ಸಹಾಯಕಿಯಾಗಲು ಬೇಕಿದ್ದದ್ದು ಹತ್ತನೇ ತರಗತಿಯ ಓದು, ಅದರ ಮೇಲೊಂದು ತರಬೇತಿ. ಅಷ್ಟು ಓದಿದವರು ಸೈಕಲ್ಲಿನಲ್ಲಿ, ಬಸ್ಸಿನಲ್ಲಿ, ನಡೆದು ಊರೂರು ತಿರುಗಿ, ಯಾವುದು ಮೂರ್ಛೆ, ಯಾವುದು ಚಿತ್ತವಿಕಲತೆ ಎಂದು ವಿಂಗಡಿಸಿ, ಔಷಧಿ ಬಿಟ್ಟವರ ಮನೆಗೆ ಮತ್ತೆ ಹೋದರು. ಅವರ ದುಡಿಮೆಯ ಮೇಲೆ ದೇಶದ ಕಾರ್ಯಕ್ರಮವೊಂದು ನಿಂತಿತು. ಅದೇ ನೆಲದ, ಅದೇ ತರಗತಿಯ ಮಕ್ಕಳಿಗೆ ಇಂದು ನರವಿಜ್ಞಾನ ನಿಲುಕದು ಎಂದು ಹೇಳಲು ನಮಗೆ ಬಾಯಾದರೂ ಹೇಗೆ ಬರುತ್ತದೆ?

ಇನ್ನೊಂದು ಅನ್ಯಾಯವೂ ಇದರಲ್ಲಿದೆ. ಹಳ್ಳಿಯವರ ಮಿದುಳು ಅಧ್ಯಯನಕ್ಕೆ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್ಸಿ) ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಮಿದುಳು ಮುಪ್ಪಾಗುವ ಬಗೆಯನ್ನು ವರ್ಷಗಳ ಕಾಲ ಬೆನ್ನುಹತ್ತಿ ನೋಡುತ್ತಿದೆ. 10,000 ಜನರನ್ನು ಒಳಗೊಳ್ಳುವ ಗುರಿ ಅದರದು. ಒಳ್ಳೆಯ ಕೆಲಸ, ಆಗಬೇಕಾದ ಕೆಲಸ. 1993ರಿಂದ 1995ರವರೆಗೆ ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ನೋಡಿದ ನಿಮ್ಹಾನ್ಸ್ ಸಮೀಕ್ಷೆ, ಮೂರ್ಛೆರೋಗ ನಗರಕ್ಕಿಂತ ಹಳ್ಳಿಗಳಲ್ಲಿ ಸುಮಾರು ಎರಡು ಪಟ್ಟು ಎಂದು ಕಂಡುಕೊಂಡಿತು. ಅಂದರೆ ಹೊರೆ ಹೆಚ್ಚು ಇರುವುದು ನಮ್ಮಲ್ಲಿ. ಎಣಿಕೆಗೆ ತಲೆ ಕೊಟ್ಟವರು ನಾವು. ಎಣಿಸುವವರು ಮಾತ್ರ ಯಾವಾಗಲೂ ಬೇರೆಯವರು. ಹಳ್ಳಿ ವಿಜ್ಞಾನಕ್ಕೆ ರೋಗಿಯನ್ನು ಕೊಡುತ್ತದೆ, ವಿಜ್ಞಾನಿಯನ್ನು ಕೊಡುವುದಿಲ್ಲ ಎಂಬ ಈ ಏರ್ಪಾಡನ್ನು "ಮೊದಲು ಮಗ್ಗಿ" ಎಂಬ ಮಾತು ಗಟ್ಟಿ ಮಾಡುತ್ತಾ ಬಂದಿದೆ.

ನರವಿಜ್ಞಾನ ಎಂದರೆ ಎಂಆರ್‌ಐ ಯಂತ್ರ, ಬಿಳಿ ಕೋಟು, ಕೋಟಿಗಟ್ಟಲೆ ಹಣ ಎಂದು ನಂಬಿದವರು ಒಮ್ಮೆ ನಮ್ಮ ಹೊಲಗಳನ್ನು ನೋಡಬೇಕು. ಮೆಕ್ಕೆಜೋಳಕ್ಕೋ ಹತ್ತಿಗೋ ಔಷಧಿ ಹೊಡೆದು ಬಂದವನಿಗೆ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈಯಲ್ಲಿ ಸೆಳೆತ ಬರುವುದನ್ನು ಈ ಭಾಗದ ಎಷ್ಟು ಮಕ್ಕಳು ನೋಡಿಲ್ಲ! ಅದು ನರವಿಜ್ಞಾನದ ಮೊದಲ ಪಾಠ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಜಿಗಿದು ಸ್ನಾಯುವಿಗೆ, ಗ್ರಂಥಿಗೆ ಸುದ್ದಿ ಮುಟ್ಟಿಸುತ್ತದೆ. ಸುದ್ದಿ ಮುಟ್ಟಿದ ಕೂಡಲೇ ಒಂದು ಕಿಣ್ವ ಅದನ್ನು ಒಡೆದು ಮುಗಿಸುತ್ತದೆ. ಆರ್ಗನೋಫಾಸ್ಫೇಟ್ ಕೀಟನಾಶಕ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಸುದ್ದಿ ನಿಲ್ಲುವುದಿಲ್ಲ. ಜೊಲ್ಲು ನಿಲ್ಲುವುದಿಲ್ಲ, ಸ್ನಾಯು ಅದುರಿ ಅದುರಿ ಸೋಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುವೇ ಕೈಬಿಡುತ್ತದೆ. ಆಸ್ಪತ್ರೆಯಲ್ಲಿ ಕೊಡುವ ಅಟ್ರೋಪಿನ್ ಅದೇ ಅಸಿಟೈಲ್‌ಕೋಲಿನ್ ಗ್ರಂಥಿಗಳಿಗೂ ಹೃದಯಕ್ಕೂ ಮುಟ್ಟಿಸುವ ಸುದ್ದಿಗೆ ಅಡ್ಡ ನಿಲ್ಲುತ್ತದೆ. ಬೇಲಿಸಾಲಿನ ಉಮ್ಮತ್ತಿ ಗಿಡದಲ್ಲೂ ಅಟ್ರೋಪಿನ್ ಇದೆ. ಉಮ್ಮತ್ತಿ ಕಾಯಿ ತಿಂದವರ ಬಾಯಿ ಒಣಗಿ, ಪಾಪೆ ಅಗಲವಾಗಿ, ಇಲ್ಲದ್ದು ಕಾಣುವುದೇಕೆ ಎಂಬುದಕ್ಕೂ ಉತ್ತರ ಅಲ್ಲೇ ಸಿಗುತ್ತದೆ.

ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವ ಕಟ್ಟುಹಾವಿನ ವಿಷವೂ ನರ ಸ್ನಾಯುವನ್ನು ಸಂಧಿಸುವ ಜಾಗಕ್ಕೇ ಬಂದು ಕೂರುತ್ತದೆ. ನೋವು ಅಷ್ಟಾಗಿ ಇರುವುದಿಲ್ಲ, ಊತ ಇರುವುದಿಲ್ಲ. ಬೆಳಗಾಗುವ ಹೊತ್ತಿಗೆ ರೆಪ್ಪೆ ಎತ್ತಲಾಗುವುದಿಲ್ಲ, ಮಾತು ತೊದಲುತ್ತದೆ. ಇದೇ ಜಾತಿಯ ಹಾವೊಂದರ ವಿಷದಿಂದ 1963ರಲ್ಲಿ ತೈವಾನಿನ ಇಬ್ಬರು ವಿಜ್ಞಾನಿಗಳು ಬೇರ್ಪಡಿಸಿದ ಬಂಗಾರೋಟಾಕ್ಸಿನ್ ಎಂಬ ವಸ್ತುವನ್ನು ಹಿಡಿದೇ ಮುಂದೆ ಜಗತ್ತು ಅಸಿಟೈಲ್‌ಕೋಲಿನ್ ಬಂದು ಕೂರುವ ಪ್ರೋಟೀನನ್ನು ಗುರುತಿಸಿ ಹೊರತೆಗೆಯಿತು. ಕಟ್ಟುಹಾವು, ಔಷಧಿ ಡಬ್ಬಿ, ಉಮ್ಮತ್ತಿ ಮೂರನ್ನೂ ಕಂಡು ಬೆಳೆದ ಮಗುವಿಗೆ ನರ ಸುದ್ದಿ ದಾಟಿಸುವ ಆ ಸಂಧಿ, ಅಂದರೆ ಸಿನಾಪ್ಸ್ ಎಂಬುದು ದೂರದ ದೇಶದ ವಿಷಯ ಹೇಗಾದೀತು?

ಮೂರ್ಛೆ ಬಂದವರ ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿಯನ್ನೋ ಚಪ್ಪಲಿಯನ್ನೋ ಹಿಡಿಯುವುದು ನಮ್ಮಲ್ಲಿ ಇಂದಿಗೂ ಇದೆ. ಬೀಗದ ಕೈ ಕೊಟ್ಟ ಮೇಲೆ ಮೂರ್ಛೆ ನಿಂತದ್ದನ್ನು ಕಣ್ಣಾರೆ ಕಂಡವರು ಸುಳ್ಳು ಹೇಳುತ್ತಿಲ್ಲ. ಸಾಮಾನ್ಯವಾಗಿ ಮೂರ್ಛೆ ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ, ಹಾಗಾಗಿ ಆ ಹೊತ್ತಿಗೆ ಏನು ಕೊಟ್ಟರೂ ಅದೇ ನಿಲ್ಲಿಸಿದಂತೆ ಕಾಣುತ್ತದೆ. ಕೊಡದೇ ಇದ್ದಿದ್ದರೆ? ಈ ಒಂದು ಪ್ರಶ್ನೆಯನ್ನು ಒಂಬತ್ತನೇ ತರಗತಿಯ ಹುಡುಗಿ ತಾನೇ ಕೇಳಿಕೊಂಡ ದಿನ ಅವಳು ವಿಜ್ಞಾನದ ಹೊಸ್ತಿಲು ದಾಟಿರುತ್ತಾಳೆ. ಮಗ್ಗುಲಿಗೆ ಹೊರಳಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು, ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಬೇಕು ಎಂಬುದನ್ನೂ ಅದರ ಜೊತೆ ಕಲಿತರೆ ಅವಳ ಓಣಿಯಲ್ಲಿ ಒಂದು ಜೀವ ಉಳಿಯುತ್ತದೆ. ತಲೆಗೆ ಸುಡುನೀರು ಸುರಿದುಕೊಳ್ಳುವಾಗ ಬರುವ ಮೂರ್ಛೆಯನ್ನು ಜಗತ್ತಿಗೆ ವಿವರವಾಗಿ ತಿಳಿಸಿಕೊಟ್ಟವರಲ್ಲಿ ಮುಖ್ಯರು ಬೆಂಗಳೂರಿನ ನರವೈದ್ಯರು. ನಮ್ಮ ಬಚ್ಚಲುಮನೆಯೂ ನರವಿಜ್ಞಾನದ ಪುಸ್ತಕದಲ್ಲಿದೆ. ಮೈಮೇಲೆ ದೇವರು ಬರುವುದನ್ನು ನೋಡಿ ಬೆಳೆದ ಮಗು ಆಗ ಮಿದುಳಿನಲ್ಲಿ ಏನಾಗುತ್ತದೆ ಎಂದು ಕೇಳಿದರೆ, ನಂಬಿಕೆಯನ್ನು ಹಳಿಯದೆ, ಪ್ರಶ್ನೆಯನ್ನು ತಳ್ಳಿಹಾಕದೆ ಮಾತನಾಡಬಲ್ಲ ಶಿಕ್ಷಕರೂ ಬೇಕು. ಆ ಮಾತು ಪುಸ್ತಕದಲ್ಲಿ ಸಿಗುವುದಿಲ್ಲ, ತರಬೇತಿಯಲ್ಲಿ ಬರುತ್ತದೆ.

ಖರ್ಚಿನ ಮಾತಿಗೆ ಬರೋಣ. ಕೈ ಕತ್ತರಿಸಿಹೋದವರಿಗೆ ಇಲ್ಲದ ಕೈಯಲ್ಲಿ ಸ್ಪರ್ಶ ತೋರುವುದನ್ನು 1990ರ ದಶಕದ ಆರಂಭದಲ್ಲಿ ವಿ.ಎಸ್. ರಾಮಚಂದ್ರನ್ ಅವರು ಸ್ಯಾನ್ ಡಿಯಾಗೋದಲ್ಲಿ ಪರೀಕ್ಷಿಸಿದ್ದು ಕಡ್ಡಿಗೆ ಸುತ್ತಿದ ಹತ್ತಿಯಿಂದ. ಕೆನ್ನೆಗೆ ಹತ್ತಿ ತಾಗಿಸಿದರೆ ಇಲ್ಲದ ಬೆರಳಿಗೆ ತಾಗಿದಂತಾಗುತ್ತಿತ್ತು. ಆ ಇಲ್ಲದ ಕೈಯ ನೋವಿಗೆ ಅವರು ಹೂಡಿದ ಉಪಾಯವೂ ಒಂದು ಪೆಟ್ಟಿಗೆ, ಒಂದು ಕನ್ನಡಿ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ ಎಂದು 2009ರಲ್ಲಿ ತೋರಿಸಿ, ಹತ್ತು ಸಾವಿರ ಕೋಟಿ ಎಂದು ಎಲ್ಲರೂ ಒಪ್ಪಿಕೊಂಡಿದ್ದ ಲೆಕ್ಕವನ್ನು ತಿದ್ದಿದವರು ಬ್ರೆಜಿಲಿನ ಸುಝಾನಾ ಹರ್ಕ್ಯುಲಾನೊ ಹೌಝೆಲ್ ಮತ್ತು ಸಂಗಡಿಗರು. ಅವರ ವಿಧಾನ, ಮಿದುಳಿನ ಅಂಗಾಂಶವನ್ನು ಅರೆದು ದ್ರವ ಮಾಡಿ ಕೋಶಬೀಜಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುವುದು.

ಶಾಲೆಗೆ ಬೇಕಾದದ್ದು ಅದಕ್ಕಿಂತ ಕಡಿಮೆ. ಒಬ್ಬಳು ಅಳತೆಪಟ್ಟಿ ಹಿಡಿದು ಕೈಬಿಡಲಿ, ಇನ್ನೊಬ್ಬಳು ಹಿಡಿಯಲಿ. ಪಟ್ಟಿ 20 ಸೆಂಟಿಮೀಟರ್ ಜಾರಿ ಸಿಕ್ಕರೆ ಕಣ್ಣಿನಿಂದ ಮಿದುಳಿಗೆ, ಮಿದುಳಿನಿಂದ ಬೆರಳಿಗೆ ಸುದ್ದಿ ಹೋಗಿ ಬರಲು ಸುಮಾರು 0.2 ಸೆಕೆಂಡು ಬೇಕಾಯಿತು ಎಂದರ್ಥ. ಅದನ್ನು ಲೆಕ್ಕ ಹಾಕಲು ಭಾಗಾಕಾರ ಬೇಕು, ವರ್ಗಮೂಲ ಬೇಕು, ಹತ್ತು ಸಲ ಮಾಡಿದ್ದಕ್ಕೆ ಸರಾಸರಿ ಬೇಕು, ಗೆಳತಿಯದ್ದರ ಪಕ್ಕ ಇಟ್ಟು ನೋಡಲು ನಕ್ಷೆ ಬೇಕು. ಎರಡು ಮೊನೆಗಳನ್ನು ಬೆರಳ ತುದಿಗೆ ತಾಗಿಸಿದರೆ ಎರಡು ಮೂರು ಮಿಲಿಮೀಟರ್ ಅಂತರದಲ್ಲೇ ಎರಡೆಂದು ತಿಳಿಯುತ್ತದೆ, ಬೆನ್ನಿಗಾದರೆ ನಾಲ್ಕು ಸೆಂಟಿಮೀಟರ್ ಹತ್ತಿರ ಬೇಕು. ಯಾಕೆ ಎಂದು ಕೇಳಿದವನಿಗೆ ಮಿದುಳಿನ ಭೂಪಟವೇ ತೆರೆದುಕೊಳ್ಳುತ್ತದೆ. ಅಮೆರಿಕದಲ್ಲಿ 2009ರಲ್ಲಿ ಇಬ್ಬರು ನರವಿಜ್ಞಾನ ವಿದ್ಯಾರ್ಥಿಗಳು ಕಟ್ಟಿದ ಬ್ಯಾಕ್‌ಯಾರ್ಡ್ ಬ್ರೇನ್ಸ್ ಎಂಬ ಸಂಸ್ಥೆ ನರದ ಮಿಡಿತವನ್ನು ಕಿವಿಗೆ ಕೇಳಿಸುವ ಅಂಗೈಯಗಲದ ಉಪಕರಣವನ್ನು ಶಾಲೆಗಳಿಗೆಂದೇ ರೂಪಿಸಿತು. ಅಂಥದ್ದನ್ನು ನಮ್ಮ ಪಾಲಿಟೆಕ್ನಿಕ್ ಹುಡುಗರು ಜೋಡಿಸಲಾರರೆ? ಉರು ಹೊಡೆಸುವ ತರಗತಿಗಿಂತ ಹೆಚ್ಚು ಮಗ್ಗಿ ಬೇಕಾಗುವುದು ಇಂಥ ಕೆಲಸದಲ್ಲಿ. ಅಡಿಪಾಯ ಬೇರೆ, ಕುತೂಹಲ ಬೇರೆ ಎಂದು ಎರಡು ಪಾತ್ರೆಗಳಿಗೆ ಸುರಿದಿಟ್ಟದ್ದೇ ನಮ್ಮ ದೊಡ್ಡ ತಪ್ಪು.

ಭಾಷೆಯ ನೆಪವೂ ಒಂದಿದೆ. ನರವಿಜ್ಞಾನ ಇಂಗ್ಲಿಷಿನಲ್ಲಿದೆ, ಕನ್ನಡ ಮಾಧ್ಯಮದ ಮಗುವಿಗೆ ಹೇಗೆ ಎಂಬುದು. ಆಧುನಿಕ ನರವಿಜ್ಞಾನಕ್ಕೆ ಬುನಾದಿ ಹಾಕಿದ ಸಾಂಟಿಯಾಗೊ ರಮೋನ್ ಇ ಕಹಾಲ್ ಸ್ಪೇನಿನ ಒಂದು ಸಣ್ಣ ಹಳ್ಳಿಯಲ್ಲಿ 1852ರಲ್ಲಿ ಹುಟ್ಟಿದವನು. ಓದಿನಲ್ಲಿ ಮನಸ್ಸಿಲ್ಲವೆಂದು ಅಪ್ಪ ಅವನನ್ನು ಕ್ಷೌರಿಕನ ಹತ್ತಿರ, ಚಮ್ಮಾರನ ಹತ್ತಿರ ಕೆಲಸಕ್ಕೆ ಬಿಟ್ಟಿದ್ದುಂಟು. 1888ರಲ್ಲಿ ಸ್ವಂತ ದುಡ್ಡು ಹಾಕಿ ತನ್ನ ಭಾಷೆಯಲ್ಲೇ ಒಂದು ಪತ್ರಿಕೆ ತಂದ, ಮೊದಲ ಸಂಚಿಕೆಗೆ 60 ಪ್ರತಿ. ಮರುವರ್ಷ ಬರ್ಲಿನ್ನಿಗೆ ಹೋಗಿ ತನ್ನ ಗಾಜಿನ ಫಲಕಗಳನ್ನು ತೋರಿಸಿದಾಗ, ಆ ಕಾಲದ ಹಿರಿಯ ಅಂಗರಚನಾ ವಿಜ್ಞಾನಿ ಕೋಲಿಕರ್ ಅವನ ಬರಹ ಓದಲೆಂದೇ ಇಳಿವಯಸ್ಸಿನಲ್ಲಿ ಸ್ಪ್ಯಾನಿಷ್ ಕಲಿತ. ಕಹಾಲನಿಗೆ 1906ರಲ್ಲಿ ನೊಬೆಲ್ ಬಂತು. ಕನ್ನಡದಲ್ಲೂ ನೆಲ ಬರಡಾಗಿಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' 1978ರಿಂದ ಮಕ್ಕಳಿಗೆ ವಿಜ್ಞಾನ ಹೇಳುತ್ತಾ ಬಂದಿದೆ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ರಾಶಿ ರಾಶಿ ಪುಸ್ತಕಗಳನ್ನು ಜನರ ಕನ್ನಡದಲ್ಲೇ ಬರೆದಿದ್ದಾರೆ. 2017ರಿಂದ ನೀಟ್ ಪರೀಕ್ಷೆ ಕನ್ನಡದಲ್ಲಿ ಇದೆ. ಇಂಗ್ಲಿಷ್ ಬೇಡ ಎಂದಲ್ಲ, ಅದು ಬರುತ್ತದೆ, ಬರಲಿ. ಹದಿನಾಲ್ಕರ ವಯಸ್ಸಿನಲ್ಲಿ ಬಾಗಿಲ ಮುಂದೆ ಅದನ್ನು ನಿಲ್ಲಿಸಬೇಡಿ.

ಇನ್ನು ಕೆಲವರು ಒಪ್ಪಿದಂತೆ ಮಾತನಾಡುತ್ತಾರೆ. ಜಾಣ ಮಕ್ಕಳನ್ನು ಆರಿಸಿ ಒಂದು ದಿನ ನಿಮ್ಹಾನ್ಸ್‌ಗೆ ಕರೆದೊಯ್ದು ಅಲ್ಲಿಯ ಮಿದುಳು ಸಂಗ್ರಹಾಲಯ ತೋರಿಸೋಣ ಎನ್ನುತ್ತಾರೆ. ನಿಜವಾದ ಮನುಷ್ಯನ ಮಿದುಳನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಅಲ್ಲಿದೆ, ಅದು ಮರೆಯುವ ಅನುಭವವಲ್ಲ. ಆದರೆ ರಾತ್ರಿ ಬಸ್ಸಿಗೆ ಹೋಗಿ ರಾತ್ರಿ ಬಸ್ಸಿಗೆ ಬರುವ ಪ್ರವಾಸವನ್ನು ತರಬೇತಿ ಎಂದು ಕರೆಯಲಾಗದು. "ಜಾಣರನ್ನು ಆರಿಸಿ" ಎಂಬುದು ಇನ್ನೂ ಕೆಟ್ಟದ್ದು. ಅಂಕ ನೋಡಿ ಆರಿಸಿದರೆ ಗುಳೆ ಹೋಗದ ಮನೆಯ, ಟ್ಯೂಷನ್ನಿಗೆ ದುಡ್ಡಿರುವ ಮನೆಯ ಮಕ್ಕಳೇ ಬರುತ್ತಾರೆ. ದೇವದಾಸಿ ತಾಯಂದಿರ ಮಕ್ಕಳು, ತಾಂಡಾದ ಹುಡುಗಿಯರು, ಕುರಿ ಕಾಯುವ ಮನೆಯ ಹುಡುಗರು ಮತ್ತೆ ಹೊರಗೆ ಉಳಿಯುತ್ತಾರೆ. ಈ ಬರಹವೆಲ್ಲ ಅವರಿಗಾಗಿಯೇ.

ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿ ಇದೆಯಲ್ಲ ಎಂದೂ ಕೇಳುತ್ತಾರೆ. ಇದೆ. ಅದರಿಂದ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8 ಸೀಟುಗಳು ನಮ್ಮವರಿಗೆ ಸಿಕ್ಕಿವೆ, ಎಷ್ಟೋ ಮನೆಗಳಲ್ಲಿ ಮೊದಲ ವೈದ್ಯರು ಹುಟ್ಟಿದ್ದಾರೆ. ಆದರೆ ಅದು ರಾಜ್ಯ ಸರ್ಕಾರದ ವ್ಯವಸ್ಥೆಗೆ ಸೇರಿದ್ದು. ಮಿದುಳನ್ನು ಸಂಶೋಧಿಸುವ ನಿಮ್ಹಾನ್ಸ್, ಐಐಎಸ್ಸಿ, ಜೀವವಿಜ್ಞಾನದ ಎನ್‌ಸಿಬಿಎಸ್ ಕೇಂದ್ರದ ಸಂಸ್ಥೆಗಳು, ಅಲ್ಲಿ ಅದು ನಡೆಯದು. ಅಲ್ಲಿಗೆ ತಲುಪಲು ಚಿಕ್ಕಂದಿನಿಂದಲೇ ಹಚ್ಚಿದ ಆಸಕ್ತಿಯೊಂದೇ ದಾರಿ, ಆ ದಾರಿಯನ್ನೇ ನಾವು ಮುಚ್ಚಿಟ್ಟಿದ್ದೇವೆ.

ಆಗಬೇಕಾದದ್ದು ಅಸಾಧ್ಯವಾದುದಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಐಐಎಸ್ಸಿಯ ಪ್ರತಿಭಾ ವಿಕಾಸ ಕೇಂದ್ರವಿದೆ, ಗ್ರಾಮೀಣ ಶಿಕ್ಷಕರಿಗೆ ವಿಜ್ಞಾನ ತರಬೇತಿ ಕೊಡುವುದೇ ಅದರ ಕೆಲಸ. ನಮ್ಮ ಐದು ತಾಲ್ಲೂಕಿನ ವಿಜ್ಞಾನ ಶಿಕ್ಷಕರಿಗೆ ಅಲ್ಲಿ ನರವಿಜ್ಞಾನದ ಒಂದು ಸರಣಿ ನಡೆಯಲಿ, ಅತಿಥಿ ಶಿಕ್ಷಕರನ್ನೂ ಸೇರಿಸಿಕೊಳ್ಳಲಿ. ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ನರಕೋಶ, ಪರಾವರ್ತಿತ ಕ್ರಿಯೆ, ಮಿದುಳಿನ ಭಾಗಗಳ ಪಾಠ ಆಗಲೇ ಇದೆ, ಹೊಸ ಪಠ್ಯದ ಅಗತ್ಯವೇ ಇಲ್ಲ. ಆ ಪಾಠವನ್ನು ಚಿತ್ರ ಬರೆದು ಭಾಗ ಗುರುತಿಸುವ ನಾಲ್ಕು ಅಂಕದ ಪ್ರಶ್ನೆಯಾಗಿ ಮುಗಿಸದೆ ಕೈಯಲ್ಲಿ ಮಾಡಿಸಿದರೆ ಸಾಕು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಲ್ಲಿ ಶಿಬಿರ ನಡೆಸಲು ಜಾಗವಿದೆ, ಊಟವಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023ರ ಬಜೆಟ್ಟಿನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಕೊಠಡಿಗೆ, ಕಾಂಪೌಂಡಿಗೆ ಹೋಗುವ ಹಣದಲ್ಲಿ ಕಣವೊಂದು ಇದಕ್ಕೆ ಸಾಕಾಗುತ್ತದೆ.

ಶಿಬಿರಕ್ಕೆ ಬರುವ ಮಗುವಿಗೆ ಶುಲ್ಕ ಇಲ್ಲದಿರುವುದಷ್ಟೇ ಸಾಲದು. ತೋಟಕ್ಕೆ ಹೋಗಿದ್ದರೆ ಮನೆಗೆ ಬರುತ್ತಿದ್ದ ಕೂಲಿಗೆ ಬದಲಾಗಿ ವಿದ್ಯಾರ್ಥಿವೇತನ ಕೊಡಬೇಕು. ಇದನ್ನು ಭಿಕ್ಷೆಯೆಂದು ಯಾರೂ ಭಾವಿಸಬಾರದು. ಕಾಲೇಜು ಮುಗಿಸಿದ ಸಂಶೋಧನಾ ವಿದ್ಯಾರ್ಥಿಗೆ ಫೆಲೋಶಿಪ್ ಕೊಡುವ ದೇಶ ಹದಿನೈದರ ಹುಡುಗಿಗೂ ಕೊಡಬಹುದು. ಗುಳೆಯ ತಿಂಗಳು ತಪ್ಪಿಸಿ ವೇಳಾಪಟ್ಟಿ ಹಾಕಬೇಕು. ಆಯ್ಕೆಗೆ ಅಂಕಪಟ್ಟಿ ಬೇಡ, ಮಗು ತನ್ನ ಕನ್ನಡದಲ್ಲಿ ಕೇಳಿದ ಒಂದು ಪ್ರಶ್ನೆ ಸಾಕು.

ಇಷ್ಟಾದರೂ "ಮುಂದೇನು? ಯಾವ ಕೆಲಸ ಸಿಗುತ್ತೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ, ಬಡವರ ಮನೆಯಿಂದ ಬಂದಾಗ ಅದು ನ್ಯಾಯವಾದ ಪ್ರಶ್ನೆ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಕೂಡಿ 2022ರಲ್ಲಿ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿ, ಮೊದಲು ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಜಿಲ್ಲಾ ಮಟ್ಟದ ಕ್ಲಿನಿಕ್ ತೆರೆದವು. ಅಂಥ ಕಡೆ ಇಇಜಿ ತೆಗೆಯುವವರು ಬೇಕು, ಪಾರ್ಶ್ವವಾಯು ಬಡಿದವರಿಗೆ ಮತ್ತೆ ಮಾತು ಕಲಿಸುವವರು ಬೇಕು, ಔಷಧಿ ಬಿಟ್ಟ ಮೂರ್ಛೆರೋಗಿಯ ಮನೆಗೆ ಹೋಗಿ ಅವರ ಮಾತಿನಲ್ಲೇ ತಿಳಿಹೇಳುವ ದಾದಿಯರು ಬೇಕು. ಬೆಂಗಳೂರಿನಿಂದ ಬಂದವರು ಹರಪನಹಳ್ಳಿಯ ತಾಂಡಾದಲ್ಲಿ ಲಂಬಾಣಿಗರ ಗೋರಬೋಲಿ ಮಾತನಾಡಲಾರರು. ಅಲ್ಲಿಯ ಹುಡುಗಿ ಮಾತನಾಡುತ್ತಾಳೆ.

ಜಿಲ್ಲಾ ಪಂಚಾಯಿತಿಯೂ ಮಂಡಳಿಯೂ ಮುಂದಿನ ಕ್ರಿಯಾಯೋಜನೆ ಬರೆಯುವಾಗ ಐದು ತಾಲ್ಲೂಕಿಗೆ ಐದು ವಸತಿ ಶಾಲೆಗಳನ್ನು ಹೆಸರಿಸಲಿ, ಶಾಲೆಗೆ 40 ಮಕ್ಕಳಂತೆ 200 ಮಕ್ಕಳನ್ನು ಸೇರಿಸಿಕೊಳ್ಳಲಿ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರಿರಲಿ. ಭಾಗಾಕಾರ ತಡವರಿಸುವವರೂ ಆ 200ರಲ್ಲಿ ಇರಲಿ. ಪಟ್ಟಿ ಎಷ್ಟು ಜಾರಿತು ಎಂದು ಲೆಕ್ಕ ಹಾಕುವ ದಿನ ಅವರ ಪಕ್ಕದಲ್ಲಿ ಕೂತು ಭಾಗಾಕಾರವನ್ನೂ ಹೇಳಿಕೊಡುವ ಒಬ್ಬ ಶಿಕ್ಷಕರಿಗೆ ಸಂಬಳದ ಸಾಲೊಂದು ಅದೇ ಕ್ರಿಯಾಯೋಜನೆಯಲ್ಲಿ ಇರಲಿ.